ಕೋಡಿನ ಬಣ್ಣ

ಗಬ್ಬೂರ, ಹುಬ್ಬಳ್ಳಿ
೬ ಜುಲೈ ೨೦೨೫

ಪ್ರೀತಿಯ ವಾಣಿ,

ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಎತ್ತಬೇಡವೆಂದು ವಕೀಲರು ಹೇಳಿರಬಹುದು, ಅಥವಾ ನಿನಗೇ ಬೇಡವಾಗಿರಬಹುದು. ಅದಕ್ಕೇ ಹಳೆಯ ದಾರಿ ಹಿಡಿದಿದ್ದೇನೆ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಸೂಟಿ ಬಿಟ್ಟ ಮರುದಿನವೇ ಒಬ್ಬರಿಗೊಬ್ಬರು ಪತ್ರ ಹಾಕುತ್ತಿದ್ದೆವಲ್ಲ, ಅಷ್ಟರಲ್ಲಿ ಹೇಳುವಂಥದ್ದು ಏನಿರುತ್ತಿತ್ತೋ ದೇವರಿಗೇ ಗೊತ್ತು. ಪತ್ರದಲ್ಲಿ ಒಂದು ಅನುಕೂಲವಿದೆ. ಓದುವವರ ಮುಖ ಬರೆಯುವವರಿಗೆ ಕಾಣುವುದಿಲ್ಲ.

ಇಲ್ಲಿ ಮಳೆ ಹಿಡಿದಿದೆ. ಶಾಲೆಯಿಂದ ಬಂದು ಮಾಳಿಗೆಯ ಮೇಲೆ ನಿಂತರೆ ಬೈಪಾಸಿನ ಲಾರಿಗಳು ಮಳೆಯೊಳಗಿಂದ ಬಂದು ಮಳೆಯೊಳಗೇ ಹೋಗುತ್ತವೆ. ಕೆಲವುಗಳ ಹಿಂದೆ ನವಿಲಿನ ಚಿತ್ರವಿದೆ, ಕೆಲವುಗಳ ಹಿಂದೆ ಕಮಲದ ಕೆರೆ ಇದೆ. ಅವುಗಳಲ್ಲಿ ತಮ್ಮ ಅರಫಾತ ಬರೆದದ್ದು ಯಾವುದು ಎಂದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅವನ ನವಿಲುಗಳು ಸ್ವಲ್ಪ ನಿದ್ದೆಗಣ್ಣಿನಲ್ಲಿರುತ್ತವೆ.

ನನ್ನ ತಮ್ಮ ಈಗ ಬಣ್ಣ ಮುಟ್ಟುವುದಿಲ್ಲ. ದಿನಾ ತಾರಿಹಾಳದ ಗ್ಯಾರೇಜಿಗೆ ಹೋಗುತ್ತಾನೆ, ಮಾಲಕ ಗುಲಾಬಸಾಬರು ಬೈದರೆ ಬೈಸಿಕೊಳ್ಳುತ್ತಾನೆ, ಲಾರಿಗಳ ಹಳೆಯ ಬಣ್ಣ ಕೆರೆದು ತಗಡು ಬೆಳ್ಳಗೆ ಮಾಡುತ್ತಾನೆ. ಹೊಸ ಬಣ್ಣ ಹೊಡೆಯುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾನೆ. ಕಾರ ಹುಣ್ಣಿಮೆಯ ದಿನ ಉಪ್ಪಿನಬೆಟಗೇರಿಯ ನಿಮ್ಮ ಅಂಗಳದಲ್ಲಿ ಎತ್ತು ಚೆನ್ನ್ಯಾನ ಕಣ್ಣು ಹೋದಾಗಿನಿಂದ ಹೀಗೇ ಇದ್ದಾನೆ. ನಿನ್ನ ದೂರಿನ ಮೇಲೆ ಪೊಲೀಸರು ಕರೆದುಕೊಂಡು ಹೋದರು, ಜಾಮೀನಿನ ಮೇಲೆ ಬಿಟ್ಟರು. ಎರಡು ಕಲಮು ಹಾಕಿದ್ದಾರಂತೆ. ಒಂದಕ್ಕೆ ಬರೀ ದಂಡ. ಇನ್ನೊಂದು, ಬೇಕಂತಲೇ ಪ್ರಾಣಿಯ ಅಂಗ ಊನ ಮಾಡಿದವರಿಗೆ ಹಾಕುವುದು. ಅದಕ್ಕೆ ಜೈಲು. ಅವನಿಗೆ ನಿಶ್ಚಯವಾಗಿರುವ ಮಹೆಕಳ ಮನೆಯವರು ಮದುವೆಯನ್ನು ಮುಂದಕ್ಕೆ ಹಾಕಿದ್ದಾರೆ. ಅಮ್ಮ ನಮಾಜಿನ ಚಾಪೆಯ ಮೇಲೆ ಕೂತವಳು ಏಳುವುದೇ ಇಲ್ಲ. ಎತ್ತಿನ ಕಣ್ಣು ತೆಗೆದವನೆಂದು ನಾಲ್ಕು ಜನ ಕರೆಯಲು ಶುರುಮಾಡಿದರೆ ನಮ್ಮಂಥ ಮನೆಯವರಿಗೆ ಅದು ಬರೀ ಕೇಸಲ್ಲ ಎನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮೊನ್ನೆ ಒಂದು ಕನಸು ಬಿತ್ತು. ನಿಮ್ಮ ಓಣಿಯಲ್ಲಿ ಎತ್ತುಗಳೆಲ್ಲ ಸಾಲಾಗಿ ಬರುತ್ತಿದ್ದವು. ಕೋಡಿಗೆ ಬಣ್ಣವಿಲ್ಲ, ಕೊರಳಿಗೆ ಗೆಜ್ಜೆಯಿಲ್ಲ, ಒಂದಿಷ್ಟೂ ಸಪ್ಪಳವಿಲ್ಲ. ನೀನೂ ನಾನೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆವು. ಸಾಲು ಮುಗಿಯಲೇ ಇಲ್ಲ. ಕನಸಿನಲ್ಲಿಯೂ ನೀನು ನನ್ನ ಕಡೆ ತಿರುಗಲಿಲ್ಲ.

ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಲು ಇಷ್ಟು ಬರೆದೆ. ಕೇಳಿದ್ದೇನೆ.

ನಿನ್ನ
ಶಾಹೀನ

*

ಧಾರವಾಡ
೧೯ ಜುಲೈ ೨೦೨೫

ಶಾಹೀನ,

ನಿನ್ನ ಪತ್ರವನ್ನು ಮೇಜಿನ ಮೇಲಿಟ್ಟು ಬಹಳ ದಿನ ಅದರ ಸುತ್ತ ಓಡಾಡಿದೆ. ಇಲ್ಲ, ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಿಂದ ಓದಬಹುದು, ಇಲ್ಲವೇ ಹರಿದುಹಾಕಬಹುದು.

ಇಲ್ಲಿ ನಾವು ಕೆಲವರು ಸೇರಿ ಭಾನುವಾರ ಬೀದಿಯ ಪ್ರಾಣಿಗಳಿಗೆ ಔಷಧ ಹಚ್ಚಿ ಪಟ್ಟಿ ಕಟ್ಟುವುದು ನಿನಗೆ ಗೊತ್ತು. ನಾಯಿಯ ಮೇಲೆ ಕಾದ ಎಣ್ಣೆ ಸುರುವಿದವರನ್ನು ನೋಡಿದ್ದೇನೆ. ಬೆಳೆಗೆ ಬಾಯಿ ಹಾಕಿದ ಎಮ್ಮೆಯ ಕಾಲಿಗೆ ಕೊಡಲಿ ಬೀಸಿದವರನ್ನು ನೋಡಿದ್ದೇನೆ. ಕೇಳಿದರೆ ಎಲ್ಲರದೂ ಒಂದೇ ಮಾತು, ಗೊತ್ತಾಗಲಿಲ್ರಿ. ಆಮೇಲೆ ಅವರ ಅಕ್ಕನೋ ತಾಯಿಯೋ ಬಂದು ಹುಡುಗ ಬಹಳ ಒಳ್ಳೆಯವನು ಎನ್ನುತ್ತಾರೆ. ಪ್ರಾಣಿಗೆ ನೋವು ಮಾಡಿದವನು ಯಾವಾಗಲೂ ಯಾರದೋ ತಮ್ಮನೇ ಆಗಿರುತ್ತಾನೆ, ಶಾಹೀನ. ಉಳಿದವರ ತಮ್ಮಂದಿರನ್ನು ಠಾಣೆಯ ಮೆಟ್ಟಿಲು ಹತ್ತಿಸಿ ನಿನ್ನ ತಮ್ಮನನ್ನು ಬಿಡುವುದಕ್ಕೆ ನನ್ನಿಂದ ಆಗಲಿಲ್ಲ.

ಆ ದಿನ ನಾನು ಕಂಡದ್ದನ್ನು ಹೇಳುತ್ತೇನೆ. ಎತ್ತುಗಳ ಮೈ ತೊಳೆದಾಗಿತ್ತು. ಅವ್ವ ಹೋಳಿಗೆ ಮಾಡುತ್ತಿದ್ದಳು. ನಾನು ಆರತಿಯ ತಟ್ಟೆ ಹಿಡಿದು ಒಳಗಿನಿಂದ ಬಂದೆ. ಅಂಗಳದಲ್ಲಿ ಕಂಪ್ರೆಸರಿನ ಗದ್ದಲ, ಥಿನ್ನರಿನ ಘಾಟು. ಅರಫಾತನ ಕೈಯಲ್ಲಿ ಲಾರಿಗೆ ಬಣ್ಣ ಹೊಡೆಯುವ ಗನ್ನು ಇತ್ತು. ಮುಂಚೆಲ್ಲ ಕೋಡಿಗೆ ಹುರಮಂಜಿನ ಕೆಂಪು ಹಚ್ಚುತ್ತಿದ್ದೆವು, ಈಚೆಗೆ ಡಬ್ಬಿಯ ಎಣ್ಣೆಬಣ್ಣ. ಇದು ಅದ್ಯಾವುದೂ ಅಲ್ಲ, ತಗಡಿಗೆ ಹೊಡೆಯುವ ಬಣ್ಣ. ಅಪ್ಪ ಮೂಗುದಾಣ ಹಿಡಿದು, ಚೆನ್ನ್ಯಾನ ತಲೆಯನ್ನು ಎದೆಗೆ ಒತ್ತಿಕೊಂಡು ಸಮಾಧಾನ ಮಾಡುತ್ತಿದ್ದ. ಕಣ್ಣಿಗೆ ಕಟ್ಟಿದ ಹಸಿ ಬಟ್ಟೆ ಜಾರಿ ಕೊರಳಿಗೆ ಬಿದ್ದಿತ್ತು. ಎತ್ತು ಕೊಸರುತ್ತಿತ್ತು. ಅರಫಾತ ನಿಲ್ಲಿಸಲಿಲ್ಲ. ನೀಲಿ ಬಣ್ಣ ಹೊಗೆಯಾಗಿ ಅದರ ಮುಖದ ತುಂಬ ಹರಡಿತು. ನಿಲ್ಲಿಸಿದ್ದರೆ ಒಂದು ಕೋಡಿನ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು, ಅಷ್ಟೇ.

ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ನೆರಳಷ್ಟೇ ಕಾಣುತ್ತದೆ ಎಂದು ದನದ ಡಾಕ್ಟರು ಹೇಳಿದ್ದಾರೆ. ಚೆನ್ನ್ಯಾ ಈಗ ತನ್ನ ಜೋಡಿ ಮಲ್ಲ್ಯಾನ ಪಕ್ಕೆಗೆ ಪಕ್ಕೆ ತಾಗಿಸಿಕೊಂಡೇ ನಡೆಯುತ್ತಾನೆ. ಮಲ್ಲ್ಯಾ ನಿಂತರೆ ನಿಲ್ಲುತ್ತಾನೆ. ಸಂಜೆ ದನದ ಮನೆಯಲ್ಲಿ ದೀಪ ಹಚ್ಚಿದಾಗ ಮಾತ್ರ ಮುಖವೆತ್ತಿ ಬೆಳಕಿನ ಕಡೆ ತಿರುಗಿ, ಏನೋ ನೆನಪು ಮಾಡಿಕೊಳ್ಳುವವನ ಹಾಗೆ ಬಹಳ ಹೊತ್ತು ನಿಲ್ಲುತ್ತಾನೆ. ಅವನಿಗೆ ಠಾಣೆಗೆ ಹೋಗಲು ಬರುವುದಿಲ್ಲ. ಯಾರಾದರೂ ಹೋಗಬೇಕಿತ್ತು, ನಾನು ಹೋದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಮಾತ್ರ ಸಿಟ್ಟು ಮಾಡಿಕೊಳ್ಳಬಹುದು.

ವಾಣಿಶ್ರೀ
(ಪೂರ್ತಿ ಹೆಸರು ಬರೆದಿದ್ದೇನೆ. ಕೇಸಿನ ಕಾಗದಗಳಲ್ಲಿ ಬರೆದು ರೂಢಿಯಾಗಿಬಿಟ್ಟಿದೆ.)

*

ಗಬ್ಬೂರ
೧೭ ಆಗಸ್ಟ್ ೨೦೨೫

ವಾಣಿ,

ನಿನ್ನ ಪತ್ರದಲ್ಲಿ ಸುಳ್ಳು ಒಂದೂ ಇಲ್ಲ. ಅದನ್ನು ಅರಫಾತನಿಗೆ ಓದಿ ಹೇಳಿದೆ. ಅವನು ಗೋಡೆಗೆ ಒರಗಿ ಕೇಳಿದ. ನಮ್ಮ ಮನೆಯ ಮಾತಿನಲ್ಲಿ ಅವನು ಹೇಳಿದ್ದನ್ನು ನಿಮ್ಮೂರಿನ ಮಾತಿನಲ್ಲಿ ಬರೆಯುತ್ತೇನೆ, ಅದೂ ಅವನ ಮಾತೇ. "ಬಟ್ಟಿ ಜಾರಿದ್ದು ನಾ ನೋಡಿದ್ನಿ ಆಪಾ. ನೋಡಿನೂ ಇನ್ನೊಂದು ಕೈ ಹೊಡದ್ನಿ." ಬಣ್ಣದವರ ಮಾತಿನಲ್ಲಿ ಕೈ ಎಂದರೆ ಒಂದು ಸಲ ಬಳಿಯುವ ಪದರು. ಅವನು ಇದನ್ನು ಮುಚ್ಚಿಡಲಿಲ್ಲ ಎನ್ನುವುದು ನಿನಗೆ ತಿಳಿದಿರಲಿ.

ಆಮೇಲೆ ಇನ್ನೂ ಸ್ವಲ್ಪ ಹೇಳಿದ. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡ. ಆಣೆ ಮುರಿದು ಬರೆಯುತ್ತಿದ್ದೇನೆ, ನನಗೆ ಏನಾಗುತ್ತದೋ ಆಗಲಿ.

ಹೋದ ವರ್ಷದ ಹಬ್ಬದಲ್ಲಿ ನಿಮ್ಮ ಪಕ್ಕದ ಮನೆಯ ಎತ್ತುಗಳ ಕೋಡು ನಿಮ್ಮವಕ್ಕಿಂತ ಹೊಳೆದವಂತೆ. ನಿಮ್ಮಪ್ಪ, ಶಂಭುಲಿಂಗ ಕಾಕಾ, ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಈ ಸಲ ಹಬ್ಬದ ಮುಂಚೆ ತಾವೇ ತಾರಿಹಾಳಕ್ಕೆ ಹೋಗಿದ್ದಾರೆ. ಗ್ಯಾರೇಜಿನಲ್ಲಿ ನಿಂತ ಒಂದು ಹೊಸ ಲಾರಿಯ ಬಾಗಿಲನ್ನು ಮುಟ್ಟಿ ನೋಡಿ, ಬೆಳ್ಳಿಯಂಥ ಆ ನೀಲಿಯೇ ಬೇಕು, ಗಣಪತಿ ಹಬ್ಬದ ತನಕ ಮಳೆಗೆ ಹೋಗಬಾರದು ಎಂದಿದ್ದಾರೆ. ಇದು ತಗಡಿನದು, ಇದರ ಘಾಟಿಗೆ ನಮ್ಮ ಕಣ್ಣೇ ಉರಿಯುತ್ತದೆ, ಎಣ್ಣೆಬಣ್ಣವನ್ನೇ ಕುಂಚದಿಂದ ಚೆಂದ ಮಾಡಿಕೊಡುತ್ತೇನೆ ಎಂದು ಅರಫಾತ ಹೇಳಿದ. ನಿನ್ನ ಕೈಮೇಲೆ ನನಗೆ ಭರವಸೆ ಇದೆ ಎಂದು ಕಾಕಾ ಅವನ ಬೆನ್ನು ತಟ್ಟಿದರು. ನಿನಗೆ ಗೊತ್ತಲ್ಲ, ನಮ್ಮಪ್ಪ ಹೋದ ಮೇಲೆ ಅವನ ಬೆನ್ನು ತಟ್ಟಿದವರು ಅವರೊಬ್ಬರೇ. ಅಷ್ಟಕ್ಕೇ ಅವನು ಕಂಪ್ರೆಸರನ್ನು ಟೆಂಪೋದಲ್ಲಿ ಹಾಕಿಕೊಂಡು ಹೊರಟ.

ಬಟ್ಟೆ ಜಾರಿದಾಗ ಒಂದು ಕ್ಷಣ ಕೈ ತಡೆದನಂತೆ. ಆಗ ಕಾಕಾ ಅಂದರು, "ನಿಲ್ಲಸಬ್ಯಾಡೋ, ಬಣ್ಣ ಎರಡಾಗತೈತಿ."

ನೀನು ನೋಡಿದ ಕೈಗಳು ಅವೇ, ವಾಣಿ. ಸಮಾಧಾನ ಮಾಡುತ್ತಿದ್ದವು ಎಂದು ಬರೆದಿದ್ದೀಯ. ಮಾಡುತ್ತಲೂ ಇದ್ದಿರಬಹುದು. ಅಲುಗದ ಹಾಗೆ ಹಿಡಿದೂ ಇದ್ದರು. ಅರಫಾತ ಇದನ್ನು ಪೊಲೀಸರಿಗೆ ಹೇಳಿಲ್ಲ. ಹೇಳಿದರೆ ಆ ಮನೆಯ ಬಾಗಿಲು ತನಗೆ ಮುಚ್ಚುತ್ತದೆ ಎನ್ನುತ್ತಾನೆ. ಈಗ ಅದು ತೆರೆದಿದೆ ಎಂದುಕೊಂಡಿದ್ದಾನೆ, ಹುಚ್ಚ.

ತಪ್ಪಿಗೆ ಶಿಕ್ಷೆ ಬೇಡವೆಂದು ನಾನು ಇನ್ನು ಹೇಳುವುದಿಲ್ಲ. ಆ ಪ್ರಾಣಿಯ ಕಣ್ಣಿನ ಬಗ್ಗೆ ನೀನು ಬರೆದದ್ದನ್ನು ಓದಿದ ಮೇಲೆ ಹೇಳಲು ಬಾಯಿ ಬರುವುದಿಲ್ಲ. ಆದರೆ ಯಾರ್ಯಾರಿಗೆ ಎಂದು ಕೇಳುತ್ತೇನೆ. ನೀನೇ ಹೇಳು.

ಶಾಹೀನ

*

ಧಾರವಾಡ
೨೬ ಅಕ್ಟೋಬರ್ ೨೦೨೫

ಶಾಹೀನ,

ಇಷ್ಟು ದಿನ ಬರೆಯಲಿಲ್ಲ. ಮೊದಲು ನೀನು ಸುಳ್ಳು ಹೇಳುತ್ತಿದ್ದೀಯ ಎಂದುಕೊಂಡೆ. ಆಮೇಲೆ ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ನೆನಪಾಗಿ ನಿನ್ನ ಮೇಲೆ ಇನ್ನೂ ಸಿಟ್ಟು ಬಂತು. ಆಫೀಸಿನಲ್ಲಿ ನನ್ನ ಕೆಲಸ ಬೀಜ ಪರೀಕ್ಷೆ ಮಾಡುವುದು. ಒದ್ದೆ ಬಟ್ಟೆಯಲ್ಲಿ ಕಾಳು ಸುತ್ತಿಟ್ಟು, ಮೊಳಕೆ ಬರುತ್ತದೋ ಇಲ್ಲವೋ ನೋಡುವುದು. ಈ ತಿಂಗಳುಗಳಲ್ಲಿ ಆ ಬಟ್ಟೆ ಬಿಚ್ಚುವಾಗಲೆಲ್ಲ ಒಳಗೆ ಒಂದು ಕಣ್ಣು ಇರುತ್ತದೆ ಎಂದು ಅನಿಸಿ ಕೈ ಹಿಂದೆ ಬರುತ್ತಿತ್ತು. ಹಗಲಿನಲ್ಲೇ, ಎಚ್ಚರವಿದ್ದಾಗಲೇ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅಪ್ಪ ಈಗ ದನದ ಮನೆಯಲ್ಲೇ ಹಾಸಿಕೊಂಡು ಮಲಗುತ್ತಾನೆ. ಚೆನ್ನ್ಯಾನ ಕಣ್ಣಿಗೆ ತಾನೇ ಔಷಧ ಬಿಡುತ್ತಾನೆ, ಬೇರೆ ಯಾರಿಗೂ ಬಿಡಗೊಡುವುದಿಲ್ಲ. ಮೇವನ್ನು ಸಣ್ಣಗೆ ಕತ್ತರಿಸಿ ಬಾಯಿಗೆ ಹಿಡಿಯುತ್ತಾನೆ. ಹಾಗೆ ಹಿಡಿದಿದ್ದಾಗಲೇ ಹೋಗಿ ಕೇಳಿದೆ. ತಾರಿಹಾಳಕ್ಕೆ ಹೋಗಿದ್ದು ಖರೇನಾ, ನಿಲ್ಲಿಸಬೇಡ ಅಂದದ್ದು ಖರೇನಾ. ಅವನು ನನ್ನ ಕಡೆ ನೋಡದೆ, ಊಟ ಆಯಿತೇನು ಎಂದು ಕೇಳಿದ. ಆಗಿಲ್ಲ ಅಂದೆ. ಹಾಗಾದರೆ ಮಾಡು ಹೋಗು ಅಂದ. ನಮ್ಮಿಬ್ಬರ ನಡುವೆ ಅಷ್ಟೇ ಮಾತಾದದ್ದು. ಅಷ್ಟರಲ್ಲೇ ಎಲ್ಲ ತಿಳಿಯಿತು.

ಮರುದಿನ ಮುಂಜಾನೆ ಚಹಾ ಕುಡಿಯುತ್ತ ಅವನೇ ಮಾತೆತ್ತಿದ. ಎತ್ತಿನ ಒಡೆಯ ಒಪ್ಪಿದರೆ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಬಹುದು ಎಂದು ವಕೀಲರು ಹೇಳಿದ್ದಾರಂತೆ. "ನಾ ಮಾಫಿ ಮಾಡೇನಿ ಅಂತ ಹೇಳತೇನಿ. ಹುಡುಗನ ಬಾಳೇವು ಯಾಕ ಹಾಳಾಗಬೇಕು?" ಅಂದ. ಸಂಜೆಯ ಹೊತ್ತಿಗೆ ಊರೆಲ್ಲ ಗೊತ್ತಾಗಿತ್ತು. ಕಟ್ಟೆಯ ಮೇಲೆ ಕೂತವರು ಶಂಭುಲಿಂಗಪ್ಪನ ಮನಸ್ಸು ದೊಡ್ಡದು ಎಂದು ನನ್ನ ಮುಂದೆಯೇ ಹೊಗಳಿದರು. ಅಪ್ಪ ಅಲ್ಲೇ ಇದ್ದ. ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

ಜನವರಿಯಲ್ಲಿ ವಿಚಾರಣೆ ಇದೆ. ಅಪ್ಪ ಕ್ಷಮಿಸಿದೆನೆಂದರೆ ನಿನ್ನ ತಮ್ಮ ಜೈಲಿನಿಂದ ಉಳಿಯುತ್ತಾನೆ. ಮದುವೆಯೂ ಆಗುತ್ತದೆ. ಅಪ್ಪನ ಹೆಸರೂ ಉಳಿಯುತ್ತದೆ. ಯಾರ್ಯಾರಿಗೆ ಎಂದು ನೀನು ಕೇಳಿದ್ದೆ. ಯಾರಿಗೂ ಬೇಡ ಎನ್ನುವ ಉತ್ತರ ಇಷ್ಟು ಸುಲಭವಾಗಿ ನನ್ನ ಬಾಯಲ್ಲಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಹಗುರವಾಗಿದೆ, ಶಾಹೀನ. ಹಗುರವಾದದ್ದಕ್ಕೆ ನಾಚಿಕೆಯೂ ಆಗಿದೆ. ಅರಫಾತನಿಗೆ ಒಪ್ಪಿಕೊಳ್ಳಲು ಹೇಳು.

ವಾಣಿ

*

ಗಬ್ಬೂರ
೯ ನವೆಂಬರ್ ೨೦೨೫

ವಾಣಿ,

ನಿನ್ನ ಪತ್ರ ಬಂದ ದಿನ ಅಮ್ಮ ಓಣಿಗೆಲ್ಲ ಶೀರಾ ಹಂಚಿದಳು. ಅರಫಾತ ಗ್ಯಾರೇಜಿನಿಂದ ಬಂದು, ಕೈಕಾಲು ತೊಳೆದು, ಶೀರಾ ತಿಂದು, ಆಮೇಲೆ ಒಲ್ಲೆ ಅಂದ.

ನಾನು ಬೈದೆ. ಅಮ್ಮ ಅತ್ತಳು. ಮಹೆಕ ಫೋನ್ ಮಾಡಿ ಅವನೊಡನೆ ಏನು ಮಾತಾಡಿದಳೋ, ಅವನು ಹ್ಞೂಂ ಹ್ಞೂಂ ಅಂದ ಅಷ್ಟೇ. ಜೈಲೆಂದರೆ ಅವನಿಗೆ ಹೆದರಿಕೆಯಿದೆ, ಅದನ್ನೂ ಹೇಳಿದ. "ಆದ್ರ ಮಾಫಿ ತಗೊಂಡ್ರ ನಾ ಒಬ್ಬನ ಮಾಡಿದಂಗ ಆಗತೈತಿ. ನಾ ಮಾಡಿದ್ದು ನಂದು. ಕಾಕಾಂದು ಕಾಕಾಂದು." ಕಾಕಾನ ಹೆಸರನ್ನು ತಾನಂತೂ ಹೇಳುವುದಿಲ್ಲವಂತೆ, ಆದರೆ ಕಾಕಾ ಕೊಡುವ ಕ್ಷಮೆ ಮಾತ್ರ ಬೇಡವಂತೆ. ಇಂಥವನನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಒಂದೇ ಒಂದು ಕೇಳಿದ್ದಾನೆ. ಕೋರ್ಟಿನ ಮುಂಚೆ ಒಂದು ಸಲ ಚೆನ್ನ್ಯಾನನ್ನು ನೋಡಬೇಕಂತೆ. ದೂರದಿಂದಾದರೂ ಸರಿ ಅಂದ. ಎಳ್ಳ ಅಮಾವಾಸ್ಯೆಗೆ ನೀವೆಲ್ಲ ಹೊಲದಲ್ಲಿರುತ್ತೀರಲ್ಲ, ಆ ದಿನ ಬರಲೇ ಎಂದು ಕೇಳು ಅಂದ. ನನಗೆ ಶಾಲೆಯಿದೆ, ಅವನೊಬ್ಬನೇ ಬರುತ್ತಾನೆ. ಬೇಡವೆಂದರೆ ಬೇಡವೆಂದು ಬರೆ. ಏನೂ ಬರೆಯದಿದ್ದರೆ ಹೂಂ ಎಂದುಕೊಳ್ಳುತ್ತೇವೆ.

ನಿನ್ನ
ಶಾಹೀನ

*

ಉಪ್ಪಿನಬೆಟಗೇರಿ
೨೨ ಡಿಸೆಂಬರ್ ೨೦೨೫

ಪ್ರೀತಿಯ ಶಾಹೀನ,

ಅರಫಾತ ಮನೆಗೆ ಬಂದು ನಿನಗೆ ಏನೂ ಹೇಳಿರುವುದಿಲ್ಲ. ಅವನು ಹೇಳುವವನಲ್ಲ. ಆದ್ದರಿಂದ ನಾನು ಬರೆಯುತ್ತೇನೆ. ರಜೆ ಹಾಕಿ ಇನ್ನೂ ಊರಿನಲ್ಲೇ ಇದ್ದೇನೆ.

ಎಳ್ಳ ಅಮಾವಾಸ್ಯೆಯ ದಿನ ಮುಂಜಾನೆಯಿಂದ ಮಂಜು. ಬಿಸಿಲು ಬಂದ ಮೇಲೂ ಅದು ಪೂರ್ತಿ ಕರಗಲಿಲ್ಲ. ಜೋಳ ಎದೆಯ ಮಟ್ಟ ಬೆಳೆದು ನಿಂತಿದೆ, ಕಡಲೆ ಹೂ ಬಿಟ್ಟಿದೆ. ಅಪ್ಪ ಬುಟ್ಟಿ ಹಿಡಿದು ಹೊಲದ ಸುತ್ತ ಚರಗ ಚೆಲ್ಲುತ್ತ ಹೋದ. ಭೂಮಿಗೆ, ಇರುವೆಗೆ, ಹಕ್ಕಿಗೆ, ಎಲ್ಲಕ್ಕೂ ಅನ್ನ. ಮಂಜಿನೊಳಗೆ ಅವನು ಕಾಣುತ್ತಿರಲಿಲ್ಲ, ಚೆಲ್ಲುವಾಗ ಕೂಗುವ ದನಿ ಮಾತ್ರ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಬರುತ್ತಿತ್ತು. ಆ ದನಿ ಕೇಳುತ್ತ ಕೂತಾಗ ನನಗೆ ನಾವು ಯಾರೂ ಯಾರಿಗೂ ಏನೂ ಮಾಡಿಲ್ಲ, ಎಲ್ಲ ಒಂದು ಕೆಟ್ಟ ನಿದ್ದೆ ಎಂದು ಅನಿಸಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಗಾಡಿಯ ಸಪ್ಪಳ ಕೇಳಿಸಿತು, ಅರಫಾತ ಬಂದ.

ಅಪ್ಪನೇ ಅವನಿಗೆ ಬಡಿಸಿದ. ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ. ಅರಫಾತ ಬಹಳ ಸೊರಗಿದ್ದಾನೆ, ನೀನು ಬರೆದಿರಲಿಲ್ಲ. ಉಂಡು, ಕೈ ತೊಳೆದು, ಬನ್ನಿ ಗಿಡದ ಕೆಳಗೆ ಕಟ್ಟಿದ್ದ ಎತ್ತುಗಳ ಕಡೆ ನಡೆದ. ಅಪ್ಪ ಇನ್ನೊಂದು ಕಡೆಯಿಂದ ಹೊರಟ. ನಾನು ಹಿಂದೆ ಹೋದೆ.

ಅರಫಾತ ಇನ್ನೂ ಅಷ್ಟು ದೂರವಿರುವಾಗಲೇ ಚೆನ್ನ್ಯಾ ಮೂಗೆತ್ತಿದ. ಗ್ಯಾರೇಜಿನ ವಾಸನೆ ಅವನ ಅಂಗಿಯಲ್ಲಿ ಇತ್ತೋ, ಚರ್ಮದಲ್ಲೇ ಇಳಿದಿತ್ತೋ. ಚೆನ್ನ್ಯಾ ಒಮ್ಮೆ ಬುಸುಗುಟ್ಟಿ ಹಗ್ಗ ಬಿಗಿಯುವ ತನಕ ಹಿಂದೆ ಸರಿದ. ಮಲ್ಲ್ಯಾನ ಹೊಟ್ಟೆಯೊಳಗೇ ಹೊಗುವವನ ಹಾಗೆ ಒತ್ತಿಕೊಂಡ. ಅರಫಾತ ಇದ್ದಲ್ಲೇ ನಿಂತ. ಆಮೇಲೆ ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಗಳನ್ನು ಬಗಲಿನಲ್ಲಿ ಮುಚ್ಚಿಟ್ಟುಕೊಂಡ. ಅವನನ್ನು ಕೋರ್ಟಿನ ಕಟಕಟೆಯಲ್ಲಿ ನೋಡಬೇಕೆಂದು ಬಯಸಿದವಳು ನಾನು. ಅವನು ಹಾಗೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಅಪ್ಪ ಹತ್ತಿರ ಹೋಗಿ ಚೆನ್ನಾ ಎಂದು ಕರೆದ. ದನಿ ಕೇಳಿದ್ದೇ ತಡ, ಎತ್ತಿನ ಮೈ ಸಡಿಲಾಯಿತು. ತಡವರಿಸುತ್ತ ಮುಂದೆ ಬಂದು ಅಪ್ಪನ ಎದೆಗೆ ಮುಖ ಹಚ್ಚಿತು. ಆಮೇಲೆ ಅವನ ಕೈ ಹುಡುಕಿ ನೆಕ್ಕತೊಡಗಿತು. ಮೂಗುದಾಣ ಹಿಡಿದಿದ್ದ ಅದೇ ಕೈ. ಅಂಗೈ, ಹಿಂಗೈ, ಬೆರಳಿನ ಸಂದಿ, ಒಂದೂ ಬಿಡದೆ ನೆಕ್ಕಿತು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಅದು ಮತ್ತೆ ಮೂಸಿ ಹುಡುಕಿತು, ಮತ್ತೆ ನೆಕ್ಕಿತು. ಅಪ್ಪ ಮರವಾಗಿ ನಿಂತಿದ್ದ. ಆ ಕಡೆ ಅರಫಾತ ಕೂತೇ ಇದ್ದ.

"ಇದಕ್ಕ ಗೊತ್ತಿಲ್ಲ," ಅಂದ ಅಪ್ಪ. ನಮಗೆ ಹೇಳಿದ ಹಾಗಿರಲಿಲ್ಲ. ಆಮೇಲೆ, "ನನಗ ಗೊತ್ತೈತಿ," ಅಂದ.

ಚೆನ್ನ್ಯಾ ಮಾಡಿದ್ದನ್ನೇ ನಾನೂ ಮಾಡಿದ್ದೆ, ಶಾಹೀನ. ಘಾಟು ಬಂದ ಕಡೆ ಬೆರಳು ತೋರಿಸಿದೆ, ಪರಿಚಯದ ಕೈಯನ್ನು ನಂಬಿದೆ. ಅದು ಪಾಪ ಎತ್ತು, ಅದಕ್ಕೆ ಬೇರೆ ದಾರಿಯಿಲ್ಲ. ನನಗೆ ಆಗಸ್ಟಿನಿಂದ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಕ್ಷಮೆಯನ್ನು ನಿಮ್ಮ ಮನೆಗೆ ಹೊತ್ತು ತಂದೆ.

ಅಪ್ಪ ಹೋಗಿ ಅರಫಾತನ ಪಕ್ಕದಲ್ಲಿ ನೆಲದ ಮೇಲೆ ಕೂತ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಮಾತಾಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ಎತ್ತುಗಳ ಗಂಟೆ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಬಿಸಿಲು ಹಳದಿಯಾಗಿ ಮಂಜು ಮತ್ತೆ ಇಳಿಯುವ ತನಕ ಇಬ್ಬರೂ ಹಾಗೇ ಕೂತಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಪಡಸಾಲೆಯಲ್ಲಿ ನನ್ನೆದುರು ಕೂತು, ಅರ್ಜಿ ಬರಿ ಅಂದ. ಯಾರ ಮೇಲೆ ಅಂದೆ. ನನ್ನ ಮೇಲೆ ಅಂದ. ಠಾಣೆಗೆ ಹೋಗಿ ನೀನೇ ಬಾಯಿಂದ ಹೇಳಿದರೆ ಸಾಕು, ನಾನು ಬರೆಯುವುದು ಬೇಕಾಗಿಲ್ಲ ಎಂದೆ. ಕೇಳಲಿಲ್ಲ. "ಅವಂದು ನೀನ ಬರದಿ. ನಂದೂ ನೀನ ಬರೀಬೇಕು." ಅವ್ವ ಒಳಗಿನಿಂದ ಬಂದು ದೀಪವನ್ನು ಹತ್ತಿರ ಸರಿಸಿಟ್ಟು ಹೋದಳು.

ಅರಫಾತನ ಮೇಲಿನ ದೂರನ್ನು ಜೂನ್ ತಿಂಗಳಲ್ಲಿ ಒಂದೇ ಉಸಿರಿಗೆ ಬರೆದಿದ್ದೆ. ಇದನ್ನು ಬರೆಯಲು ಕೂತರೆ ಮೊದಲನೆಯ ಸಾಲೇ ದಾಟಲಿಲ್ಲ. ಆರೋಪಿಯ ಹೆಸರು ಬರೆದೆ. ಊರು ಬರೆದೆ. ದೂರುದಾರರಿಗೂ ಆರೋಪಿಗೂ ಇರುವ ಸಂಬಂಧ ಬರೆಯುವಲ್ಲಿ ಕೈ ನಿಂತಿತು. ಅಪ್ಪ ಎದುರಿಗೇ ಕೂತಿದ್ದ. ನಿಲ್ಲಿಸಬೇಡ ಎಂದು ಅವನು ಹೇಳಲಿಲ್ಲ, ನಿಲ್ಲಿಸು ಎಂದೂ ಹೇಳಲಿಲ್ಲ. ತಂದೆ ಎಂದು ಬರೆದೆ. ತಾರಿಹಾಳಕ್ಕೆ ಹೋದದ್ದು, ಲಾರಿಯ ಬಾಗಿಲು ಮುಟ್ಟಿದ್ದು, ಹಿಡಿದದ್ದು, ಅಂದದ್ದು, ಎಲ್ಲವನ್ನೂ ಅವನು ಒಂದೊಂದಾಗಿ ಹೇಳಿದ, ನಾನು ಬರೆದೆ. ಹೇಳುವಾಗ ಒಮ್ಮೆಯೂ ಗೊತ್ತಾಗಲಿಲ್ಲ ಎನ್ನಲಿಲ್ಲ.

ಇವತ್ತು ಠಾಣೆಗೆ ಹೋಗಿದ್ದೆವು. ಅದಕ್ಕೂ ಮುಂಚೆ ವಕೀಲರನ್ನು ಕಂಡೆ. ಇಬ್ಬರೂ ಎತ್ತನ್ನು ಚೆಂದ ಮಾಡಲು ಹೋಗಿ ಕೆಡಿಸಿದವರು, ಕೆಡಿಸಬೇಕೆಂದು ಹೋದವರಲ್ಲ, ಅಪ್ಪನ ಹೇಳಿಕೆ ಬಂದರೆ ಅರಫಾತನ ಮೇಲಿನ ಜೈಲಿನ ಕಲಮು ನಿಲ್ಲುವುದು ಕಷ್ಟ ಎಂದರು. ಇನ್ನೊಂದು ಕಲಮಿನಲ್ಲಿ ಇಬ್ಬರಿಗೂ ಸಮನಾಗಿ ದಂಡ ಆಗಬಹುದಂತೆ. ಜನವರಿಯಲ್ಲಿ ತಿಳಿಯುತ್ತದೆ. ಮಹೆಕಳ ಮನೆಯವರಿಗೆ ನಾನೇ ಬಂದು ಹೇಳುತ್ತೇನೆ. ನಿಮ್ಮಮ್ಮನ ಎದುರು ಕೂರುವ ಧೈರ್ಯ ಬಂದರೆ ನಿಮ್ಮ ಮನೆಗೂ ಬರುತ್ತೇನೆ. ಬಾ ಎಂದು ಬರೆಯುತ್ತೀಯಾ?

ಠಾಣೆಯಲ್ಲಿದ್ದ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದ.

"ನನ್ನ ಮಗಳ್ರಿ," ಅಂದ. "ನೋಡ್ರಿ, ಅಕ್ಷರ ಎಷ್ಟು ಛಲೋ ಅದಾವ."

ಹಾಗೆಂದು ಅವರ ಕೈಯಿಂದ ಕಾಗದ ತೆಗೆದುಕೊಂಡು, ಅವರಿಗೆ ಸರಿಯಾಗಿ ಕಾಣಲೆಂದು ಕಿಟಕಿಯ ಬೆಳಕಿಗೆ ಹಿಡಿದ.

ನಿನ್ನ
ವಾಣಿ